ಕೆರೆಗೆ ಬೀಳದ ವಿಡಿಯೋ ಗೇಮು

ಚನ್ನಗಿರಿಯ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತನಾಗಿದ್ದ ಬೆನಕಪ್ಪನಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಹಾಗಂತ ಅವನಿಗೆ ಬಹಳ ಗೊತ್ತಿತ್ತು ಅಂತ ತಿಳಿಯಬೇಡಿ. ಯಾರು ಏನು ಕೇಳಿದರೂ "ಗೊತ್ತಿಲ್ಲ" ಅನ್ನುವ ಒಂದು ಮಾತು ಅವನ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೇ. ಷಡ್ಡಕನ ಮಗನ ಮದುವೆಗೆ ಬೆಂಗಳೂರಿಗೆ ಹೋಗಿಬಂದ ಮೇಲಂತೂ ಈ ಕಾಯಿಲೆ ಉಲ್ಬಣಿಸಿ, ವಿಮಾನದ ಇಂಜಿನ್ನಿನಿಂದ ಹಿಡಿದು ಹೆರಿಗೆ ನೋವಿನ ತನಕ ಎಲ್ಲದರಲ್ಲೂ ಅವನದೊಂದು ಅಭಿಪ್ರಾಯ ಇದ್ದೇ ಇರುತ್ತಿತ್ತು.

೧೯೮೭ರ ಬೇಸಿಗೆಯಲ್ಲಿ ಹೆಡ್‌ಮಾಸ್ತರು ಮಲ್ಲಿಕಾರ್ಜುನಪ್ಪನವರು ಪೇಪರು ಹಿಡಿದುಕೊಂಡು ಮಂಡಿಗೆ ಬಂದರು. ದೊಡ್ಡ ಊರುಗಳ ಮಕ್ಕಳನ್ನೆಲ್ಲ ವಿಡಿಯೋ ಗೇಮ್ ಎಂಬ ಹೊಸ ಪಿಡುಗು ಹಿಡಿದಿದೆ ಎಂದು ಅದರಲ್ಲಿ ಬರೆದಿತ್ತು. "ಇದು ಹೆಂಗೈತೆ ಅಂತ ಯಾರಾದ್ರೂ ನೋಡೀರೇನ್ರಿ?" ಎಂದು ಕೇಳಿದರು.

"ನಾನು ನೋಡೀನಿ ಸಾರ್," ಅಂದ ಬೆನಕಪ್ಪ.

ನೋಡಿರಲಿಲ್ಲ. ಮೆಜೆಸ್ಟಿಕ್ಕಿನಲ್ಲಿ ಒಂದು ಅಂಗಡಿಯ ಮುಂದೆ ಹುಡುಗರು ಮುತ್ತಿಕೊಂಡಿದ್ದನ್ನು ನೋಡಿದ್ದ. ಒಳಗಿನಿಂದ ಕುಂಯ್ ಕುಂಯ್ ಅನ್ನುವ ಸದ್ದು ಕೇಳಿದ್ದ. ಇಣುಕುವಷ್ಟರಲ್ಲಿ ಹೆಂಡತಿ ಕಸ್ತೂರಮ್ಮ ತೋಳು ಹಿಡಿದು ಎಳೆದುಕೊಂಡು ಹೋಗಿದ್ದಳು. ಅಷ್ಟು ಸಾಕಾಯಿತು. ಮುಂದಿನ ಭಾನುವಾರ ಶಾಲೆಯಲ್ಲಿ "ವಿಡಿಯೋ ಗೇಮಿನಿಂದ ಮಕ್ಕಳಿಗಾಗುವ ಲಾಭ ನಷ್ಟಗಳು" ಎಂಬ ವಿಷಯದ ಮೇಲೆ ಶ್ರೀ ಬೆನಕಪ್ಪನವರ ಭಾಷಣ ಏರ್ಪಾಡಾಯಿತು.

"ಮೊದಲು ಲಾಭಕ್ಕೆ ಬರ್ತೀನಿ," ಎಂದು ಶುರುಮಾಡಿದ ಬೆನಕಪ್ಪ. ನೀರು ಕುಡಿದ. ಕನ್ನಡಕ ಒರೆಸಿದ. "ಲಾಭ ಏನೂ ಇಲ್ಲ. ಇನ್ನು ನಷ್ಟ."

ನಷ್ಟಕ್ಕೆ ಬಂದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಆಟಕ್ಕೆ ಕೂತ ಮಗುವಿನ ಕುತ್ತಿಗೆ ಬಾಗುತ್ತದೆ, ಬಾಗಿದ್ದು ಮತ್ತೆ ಏಳುವುದಿಲ್ಲ. ಕಣ್ಣು ರೆಪ್ಪೆ ಬಡಿಯುವುದನ್ನೇ ಮರೆಯುತ್ತದೆ. ಹಸಿವು ಸಾಯುತ್ತದೆ. "ಬೆಂಗಳೂರಾಗೆ ನನ್ನ ಕಣ್ಣೆದುರಿಗೇ ಒಬ್ಬ ತಾಯಿ ಊಟಕ್ಕೆ ಬಾರೋ ಅಂತ ಮಗನ್ನ ಕರೆದ್ಲು. ಅವನು ತಲೆ ಎತ್ತದಂಗೆ ಏನಂದ ಗೊತ್ತೇನ್ರಿ? ಯಾರದು ಅಂದ. ಹೆತ್ತ ತಾಯಿಗೆ."

ಆವತ್ತಿಗೆ ಚನ್ನಗಿರಿಯಲ್ಲಿ ಒಂದೇ ಒಂದು ವಿಡಿಯೋ ಗೇಮ್ ಇರಲಿಲ್ಲ. ಆದರೂ ತಾಯಂದಿರು ತಂತಮ್ಮ ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆನಕಪ್ಪನ ಪಕ್ಕದ ಮನೆಯ ಉಚ್ಚಂಗೆಮ್ಮ, ಲಾರಿ ಓಡಿಸುವ ತನ್ನ ಮಗನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೆನಕಪ್ಪನಿಗೆ ಇನ್ನೂ ಹುರುಪು ಬಂತು. ಅವನು ಕೊನೆಗೆ ಆಡಿದ ಮಾತೇ ಮುಂದಿನ ಅನಾಹುತಕ್ಕೆಲ್ಲ ಮೂಲ.

"ಈ ದರಿದ್ರ ನನ್ನ ಮನೆ ಹೊಸ್ತಿಲು ದಾಟಿದ್ರೆ, ಇದೇ ಕೈಯಾಗೆ ಅದನ್ನ ಸೂಳೆಕೆರೆಗೆ ಎಸೆದು ಬರ್ತೀನಿ. ಎಸೀಲಿಲ್ಲ ಅಂದ್ರೆ ಈ ಊರಾಗೆ ತಲೆ ಎತ್ಕೊಂಡು ತಿರುಗಲ್ಲ."

ಚಪ್ಪಾಳೆಯೋ ಚಪ್ಪಾಳೆ.

ಮೇ ತಿಂಗಳಲ್ಲಿ ದರಿದ್ರ ಹೊಸ್ತಿಲು ದಾಟಿತು. ಹೊನ್ನಾಳಿಗೆ ಕೊಟ್ಟಿದ್ದ ಮಗಳು ಶಾಂತಾದೇವಿ ರಜಕ್ಕೆಂದು ತವರಿಗೆ ಬಂದಳು. ಜೊತೆಗೆ ನಾಲ್ಕನೇ ಕ್ಲಾಸಿನ ಮಗಳು ಶಿವಗಂಗಾ. ಮನೆಯವರ ಬಾಯಲ್ಲಿ ಗಂಗಿ. ಗಂಗಿಯ ಕೈಯಲ್ಲಿ ಅಂಗೈ ಅಗಲದ ಒಂದು ಕರಿ ಡಬ್ಬಿ. ಕುವೈತಿನಲ್ಲಿದ್ದ ಅವಳ ಚಿಕ್ಕಪ್ಪ ತಂದುಕೊಟ್ಟದ್ದು.

"ಏನಮ್ಮ ಅದು, ರೇಡಿಯೋನಾ?" ಎಂದ ಬೆನಕಪ್ಪ ಮುದ್ದಿನಿಂದ.

"ವಿಡಿಯೋ ಗೇಮ್ ಅಜ್ಜ."

ಬೆನಕಪ್ಪ ಕೈಲಿದ್ದ ಕಾಫಿ ಲೋಟವನ್ನು ಹಾಗೇ ಕೆಳಗಿಟ್ಟ. ಕಸ್ತೂರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು. ಕಿಟಕಿಯಲ್ಲಿ ಉಚ್ಚಂಗೆಮ್ಮನ ಮುಖ ಆಗಲೇ ಮೂಡಿತ್ತು, ಅಂದರೆ ಸಂಜೆಯೊಳಗೆ ಇಡೀ ಊರಿಗೆ ಗೊತ್ತಾದ ಹಾಗೆ. ಬೆನಕಪ್ಪ ಡಬ್ಬಿಯನ್ನು ಕಿತ್ತುಕೊಂಡು ಟವೆಲ್ಲಿನಲ್ಲಿ ಸುತ್ತಿದ. ಗಂಗಿ ಅಳಲಿಲ್ಲ. "ನಾನು ಊರಿಗೆ ಹೋಗೋದ್ರೊಳಗೆ ವಾಪಸ್ ಕೊಡ್ಬೇಕು," ಎಂದಷ್ಟೇ ಹೇಳಿದಳು.

"ವಾಪಸ್ಸು ಗಿಪಸ್ಸು ಇಲ್ಲಮ್ಮ. ನಾಳೆ ಸೂಳೆಕೆರೆ."

ಮರುದಿನ ಬೆಳಿಗ್ಗೆ ಅವನು ನಿಜವಾಗಿಯೂ ಬಸ್ಸು ಹತ್ತಿ ಸೂಳೆಕೆರೆಯ ಏರಿಯ ಮೇಲೆ ಹೋಗಿ ನಿಂತ. ಇದನ್ನು ಅವನ ಪರವಾಗಿ ಹೇಳಲೇಬೇಕು. ಕೈ ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಯಾವ ಶತ್ರುವನ್ನು ಮುಳುಗಿಸುತ್ತಿದ್ದೇನೆ ಅಂತಲಾದರೂ ತಿಳಿದಿರಬೇಕಲ್ಲ, ನಾಳೆ ಹೆಡ್‌ಮಾಸ್ತರು ಏನಾದರೂ ಕೇಳಿದರೆ? ಒಂದು ಬಟನ್ ಒತ್ತಿದ. ಮರದ ಮೇಲೊಂದು ಮಂಗ ಕಾಣಿಸಿತು. ಕೆಳಗೆ ಬುಟ್ಟಿ ಹಿಡಿದ ಒಬ್ಬ ಮನುಷ್ಯ. ಮಂಗ ಹಣ್ಣು ಎಸೆಯಿತು. ಹಣ್ಣು ನೆಲಕ್ಕೆ ಬಿತ್ತು. ಮನುಷ್ಯನ ಒಂದು ಜೀವ ಹೋಯಿತು. ಮೂರು ಹಣ್ಣು ಬಿದ್ದು ಮೂರು ಜೀವ ಹೋದಾಗ ಆ ಬಡಪಾಯಿ ಅಂಗಾತ ಬಿದ್ದ. ಡಬ್ಬಿಯಿಂದ ಟುಂಯ್ ಟುಂಯ್ ಟುಂಟುಂ ಅಂತ ಒಂದು ಚರಮಗೀತೆ ಕೇಳಿಸಿತು.

ಬೆನಕಪ್ಪನಿಗೆ ಅವಮಾನವಾಯಿತು. ಮಂಡಿಯಲ್ಲಿ ಇಷ್ಟು ವರ್ಷ ಒಂದು ಮೂಟೆ ಕೈತಪ್ಪಿ ಹೋಗಲು ಬಿಟ್ಟವನಲ್ಲ, ಒಂದು ಯಕಶ್ಚಿತ್ ಮಂಗಕ್ಕೆ ಸೋಲುವುದೇ? ಇನ್ನೊಂದು ಸಲ ನೋಡೋಣ ಎಂದು ಏರಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಮಧ್ಯಾಹ್ನದ ಬಸ್ಸು ಹೋಯಿತು. ಅದರ ಹಿಂದೆ ಬಂದದ್ದೂ ಹೋಯಿತು. ಸಂಜೆ ಮನೆಗೆ ಬಂದಾಗ ಡಬ್ಬಿ ಅವನ ಒಳಬನಿಯನ್ನಿನ ಜೇಬಿನಲ್ಲಿತ್ತು.

"ಎಸೆದ್ರಾ?" ಎಂದಳು ಕಸ್ತೂರಮ್ಮ.

"ಎಸೆದೆ. ಬುಡುಂಗ್ ಅಂತು."

ಗಂಗಿ ಅಜ್ಜನ ಮುಖವನ್ನೂ ಬನಿಯನ್ನನ್ನೂ ಬಹಳ ಹೊತ್ತು ನೋಡಿದಳು.

ಈಗ ಆಡುವುದೆಲ್ಲಿ? ಮನೆ ತುಂಬ ಕಣ್ಣು, ಕಿಟಕಿಯಲ್ಲಿ ಉಚ್ಚಂಗೆಮ್ಮ. ಉಳಿದದ್ದು ಪೂಜೆಯ ಕೋಣೆ ಒಂದೇ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು, ನೋಟವನ್ನು ಅದರಲ್ಲೇ ನೆಟ್ಟು, ಶಾಲು ಹೊದ್ದು ಕೂರುವುದು ಅವರ ಮನೆತನದ ಪೂಜೆ. ಆ ಹೊತ್ತಿನಲ್ಲಿ ಯಾರೂ ಮಾತಾಡಿಸುವಂತಿಲ್ಲ. ಬೆನಕಪ್ಪನ ಪೂಜೆಯಂತೂ ಅಲ್ಲಿಯ ತನಕ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಮುಗಿದುಹೋಗುತ್ತಿತ್ತು. ಈಗಲೂ ಅಷ್ಟರಲ್ಲೇ ಮುಗಿಸಿ, ಲಿಂಗವನ್ನು ಅದರ ಬೆಳ್ಳಿ ಕರಡಿಗೆಯೊಳಗಿಟ್ಟು ಮುಚ್ಚಿ, ಭಕ್ತಿಯಿಂದ ಕೈಮುಗಿದು, ಆಮೇಲೆಯೇ ಅವನು ಬನಿಯನ್ನಿನೊಳಗೆ ಕೈ ಹಾಕುತ್ತಿದ್ದ. ಶಿವನ ಸಮಯವನ್ನು ಅವನು ಕದಿಯಲಿಲ್ಲ. ಕದ್ದದ್ದು ಮೊಮ್ಮಗಳ ಆಟವನ್ನು ಮಾತ್ರ.

ಪೂಜೆ ಅರ್ಧ ಗಂಟೆಯಾಯಿತು. ಒಂದು ಗಂಟೆಯಾಯಿತು. ಸಂಜೆಯ ಪೂಜೆಯೂ ಶುರುವಾಯಿತು. ಕಸ್ತೂರಮ್ಮ ಬಾಗಿಲ ಸಂದಿಯಿಂದ ಇಣುಕಿ ನೋಡಿದಳು. ಗಂಡ ಶಾಲು ಹೊದ್ದು, ಕುತ್ತಿಗೆ ಬಗ್ಗಿಸಿ, ಅಂಗೈಯನ್ನೇ ನೋಡುತ್ತಿದ್ದಾನೆ. ಹಣೆಯಿಂದ ಬೆವರು ಇಳಿಯುತ್ತಿದೆ. "ಅಯ್ಯೋ ಶಿವನೇ, ಬಿತ್ತಲ್ಲಪ್ಪ. ಇದೊಂದನ್ನ ಉಳಿಸಿಕೊಡು," ಎಂದು ಗೋಗರೆಯುತ್ತಿದ್ದಾನೆ. "ರೀ, ಊಟ," ಎಂದಳು ಮೆಲ್ಲಗೆ.

"ಯಾರದು?" ಅಂದ ಬೆನಕಪ್ಪ ತಲೆ ಎತ್ತದೆ.

ಕಸ್ತೂರಮ್ಮ ನೇರವಾಗಿ ಉಚ್ಚಂಗೆಮ್ಮನ ಮನೆಗೆ ಓಡಿದಳು. ಉಚ್ಚಂಗೆಮ್ಮ ಬಂದು ಬಾಗಿಲಿಗೆ ಕಿವಿಕೊಟ್ಟಳು. ಒಳಗಿನಿಂದ ಟಿಕ್ ಟಿಕ್ ಟಿಕ್ ಅಂತ ಸಣ್ಣದೊಂದು ನಾದ. ಉಚ್ಚಂಗೆಮ್ಮ ಬಾಯಿಯ ಮೇಲೆ ಸೆರಗಿಟ್ಟುಕೊಂಡು ಹಿಂದೆ ಸರಿದಳು.

"ಕಸ್ತೂರಮ್ಮ, ಗಟ್ಟಿ ಮನಸ್ಸು ಮಾಡ್ಕೋ. ನಮ್ಮ ಮಾವನೋರಿಗೂ ಹಿಂಗೇ ಆಗಿತ್ತು. ನೆಟ್ಟ ದೃಷ್ಟಿ, ಮೈಯೊಳಗಿಂದ ನಾದ, ಕರೆದ್ರೆ ಗುರುತಿಲ್ಲ. ವಾರದೊಳಗೆ ಕೂತಲ್ಲೇ ಲಿಂಗೈಕ್ಯ ಆದ್ರು."

"ಅದು ನನ್ನ ಗೇಮಿನ ಸದ್ದು," ಅಂದಳು ಗಂಗಿ.

"ಸುಮ್ನಿರೇ. ದೊಡ್ಡೋರು ಮಾತಾಡುವಾಗ," ಎಂದು ಶಾಂತಾದೇವಿ ಮಗಳ ಬಾಯಿ ಮುಚ್ಚಿಸಿದಳು. ಅಪ್ಪ ಭಕ್ತಿಯಲ್ಲಿ ಅಷ್ಟು ಮೇಲೇರಿದ್ದಾರೆ ಅಂತ ಅವಳಿಗೆ ಹೆಮ್ಮೆಯೂ ಆಯಿತು, ಅಳುವೂ ಬಂತು.

ಶುಕ್ರವಾರ ನೆಂಟರಿಗೆ ಸುದ್ದಿ ಹೋಯಿತು. ಫೋನಿನಲ್ಲಿ ಟ್ರಂಕ್ ಕಾಲ್ ಸಿಗುವ ಹೊತ್ತಿಗೆ ಮನುಷ್ಯ ಇರುತ್ತಾನೋ ಇಲ್ಲವೋ ಎಂದು, ಎಲ್ಲರೂ ಮಾಡುವಂತೆ ಬಸ್ಸಿನ ಕಂಡಕ್ಟರುಗಳ ಕೈಲಿ ಹೇಳಿಕಳಿಸಿದರು. ನ್ಯಾಮತಿಗೆ ಒಬ್ಬ, ಜಗಳೂರಿಗೆ ಒಬ್ಬ. ಹೊನ್ನಾಳಿಯ ಬೀಗರಿಗೆ ಹೇಳುವ ಕೆಲಸ ಕಂಡಕ್ಟರ್ ಮೂಕಪ್ಪನ ಪಾಲಿಗೆ ಬಂತು. "ಬೆನಕಪ್ಪನೋರು ಇನ್ನೇನು ಹೊರಟು ನಿಂತಾರೆ ಅಂತ ಹೇಳಪ್ಪ," ಎಂದಳು ಉಚ್ಚಂಗೆಮ್ಮ. "ಹೇಳ್ತೀನಿ ಬಿಡ್ರಿ," ಎಂದು ಮೂಕಪ್ಪ ಸೀಟಿ ಊದಿದ.

ಶನಿವಾರ ಮಧ್ಯಾಹ್ನದೊಳಗೆ ಜಗಳೂರು ಕಡೆಯ ನೆಂಟರು ರೊಟ್ಟಿಗಂಟು ಸಮೇತ ಬಂದಿಳಿದರು. ನ್ಯಾಮತಿಯಿಂದ ಕಸ್ತೂರಮ್ಮನ ಅಣ್ಣ ವಿರೂಪಾಕ್ಷಪ್ಪ ಬಂದ. ಬಹಳ ಮುಂದಾಲೋಚನೆಯ ಮನುಷ್ಯ. ಅಳುವುದನ್ನು ಹೆಂಗಸರಿಗೆ ಬಿಟ್ಟು ಅವನು ಅಳತೆ ಟೇಪು ತೆಗೆದ. ಅವರಲ್ಲಿ ಮಣ್ಣು ಮಾಡುವುದು ಕೂರಿಸಿಯೇ ತಾನೆ. ಕೂತಾಗಿನ ಅಳತೆ ಈಗಲೇ ಸಿಕ್ಕಿದರೆ ಆಮೇಲೆ ಗಡಿಬಿಡಿ ಇರುವುದಿಲ್ಲ.

ಬೆಕ್ಕಿನ ಹೆಜ್ಜೆಯಿಟ್ಟು ಪೂಜೆಯ ಕೋಣೆಗೆ ಹೋಗಿ, ಬೆನಕಪ್ಪನ ಹಿಂದೆ ನಿಂತು, ನೆತ್ತಿಯಿಂದ ಮಣೆಯ ತನಕ ಟೇಪು ಇಳಿಸಿದ. ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಹಿಡಿದ. ಬೆನಕಪ್ಪ ಆಗ ಜೀವಮಾನದಲ್ಲೇ ಕಾಣದಷ್ಟು ಹಣ್ಣು ಹಿಡಿದಿದ್ದ. ಬೆನ್ನಿನ ಮೇಲೆ ಟೇಪು ಓಡಾಡಿದ್ದು ತಿಳಿಯಿತು. ಹೆಂಡತಿ ಹೊಸ ಅಂಗಿಗೆ ಅಳತೆ ತೆಗೆಸುತ್ತಿದ್ದಾಳೆ ಅಂದುಕೊಂಡ.

"ಸ್ವಲ್ಪ ಸಡಿಲ ಇರ್ಲಿ. ಹೋದ ಸಲದ್ದು ಬಿಗಿ ಆಗಿತ್ತು," ಎಂದ.

ವಿರೂಪಾಕ್ಷಪ್ಪ ಹೊರಗೆ ಬಂದಾಗ ಅವನ ಮುಖದಲ್ಲಿ ರಕ್ತವಿರಲಿಲ್ಲ. "ಭಾವನೋರಿಗೆ ಎಲ್ಲಾ ಗೊತ್ತೈತೆ," ಎಂದು ಕುಸಿದು ಕೂತ. "ಹೋದ ಜನ್ಮದ್ದೂ ನೆನಪೈತೆ."

ಅದೇ ವೇಳೆಗೆ ಪೂಜೆಯ ಕೋಣೆಯಿಂದ ಟುಂಯ್ ಟುಂಯ್ ಟುಂಟುಂ ಅನ್ನುವ ನಾದ ತೇಲಿಬಂತು.

"ಅಜ್ಜ ಸತ್ತ," ಅಂದಳು ಗಂಗಿ ಸಮಾಧಾನವಾಗಿ.

ಆಗೆದ್ದ ಗೋಳಿಗೆ ಬೀದಿಯ ನಾಯಿಗಳೆಲ್ಲ ಓಡಿಹೋದವು. ಗಂಗಿ ಗಾಬರಿಯಾಗಿ, "ಬಟನ್ ಒತ್ತಿದ್ರೆ ಮತ್ತೆ ಬದುಕ್ತಾನೆ," ಎಂದು ಕೂಗಿ ಹೇಳಿದರೂ ಕೇಳುವವರಿಲ್ಲ. ಸದ್ದಿಗೆ ಬೆನಕಪ್ಪ ಡಬ್ಬಿಯನ್ನು ಬನಿಯನ್ನಿಗೆ ತುರುಕಿಕೊಂಡು ಹೊರಗೆ ಬಂದು ನೋಡುತ್ತಾನೆ, ನಡುಮನೆ ತುಂಬ ನೆಂಟರು ಎದೆ ಬಡಿದುಕೊಳ್ಳುತ್ತಿದ್ದಾರೆ.

"ಯಾರು ಹೋದ್ರು?" ಎಂದು ಕೇಳಿದ.

ಹೋದದ್ದು ತಾನೇ ಎಂದು ತಿಳಿಯಿತು. ಊರಾಚೆಯ ತನ್ನ ತುಂಡು ಜಮೀನಿನಲ್ಲಿ ವಿರೂಪಾಕ್ಷಪ್ಪ ಆಳು ಬಿಟ್ಟು ಗುಂಡಿ ತೋಡಿಸುತ್ತಿದ್ದಾನೆ, ಸಡಿಲವಾಗಿಯೇ ತೋಡಿಸುತ್ತಿದ್ದಾನೆ ಎಂದೂ ತಿಳಿಯಿತು. ನಿಜ ಹೇಳಿಬಿಡೋಣವೇ? ಹೇಳಿದರೆ ಡಬ್ಬಿ ತೋರಿಸಬೇಕು. ತೋರಿಸಿದರೆ ಇಡೀ ಊರಿನೆದುರು ಆಡಿದ ಮಾತು? ಹೆಡ್‌ಮಾಸ್ತರು? ಚಪ್ಪಾಳೆ ತಟ್ಟಿದವರು? ಸತ್ತವನೆಂದು ಒಪ್ಪಿಕೊಳ್ಳುವುದೇ ಸುಲಭ ಅನ್ನಿಸಿತು.

"ಈಗ ಸದ್ಯಕ್ಕೆ ಹೋಗಲ್ಲ. ನೋಡೋಣ," ಎಂದ.

ಅಷ್ಟಕ್ಕೇ ಬಿಡುತ್ತಾರೆಯೇ? ಹತ್ತಿರದ ಹಳ್ಳಿಯೊಂದರ ಸಣ್ಣ ಮಠದ ಸ್ವಾಮಿಗಳು ಭಾನುವಾರ ಬೆಳಿಗ್ಗೆ ಖುದ್ದಾಗಿ ನೋಡಲು ಬರುತ್ತಾರೆಂದು ಗೊತ್ತಾಯಿತು. ಆ ಸಂಜೆ ಬೆನಕಪ್ಪ ಹಿತ್ತಲಿನಲ್ಲಿ ಒಬ್ಬನೇ ನಿಂತು, ಡಬ್ಬಿಯನ್ನು ಬಾವಿಗಾದರೂ ಹಾಕಿಬಿಡಬೇಕೆಂದು ಹೊರಗೆ ತೆಗೆದ. ಆಗ ಅದರ ಮಗ್ಗುಲಲ್ಲಿ ಈ ಮೊದಲು ಕಾಣದ ಒಂದು ಪುಟ್ಟ ಬಟನ್ ಕಾಣಿಸಿತು. ಏನಿರಬಹುದು ಎಂದು ಒತ್ತಿದ. ಮೂಲೆಯಲ್ಲಿ ಗಂಟೆಯ ಚಿತ್ರವೊಂದು ಮೂಡಿ ಹಾಗೇ ನಿಂತಿತು. ಬಾವಿಯ ಯೋಚನೆ ಅಲ್ಲಿಗೇ ಮರೆತುಹೋಯಿತು.

ಭಾನುವಾರ ಬೀದಿಯ ತನಕ ಜನ. ಸ್ವಾಮಿಗಳು ಬಂದು ಚಾಪೆಯ ಮೇಲೆ ಕೂತರು. ವಯಸ್ಸಾದವರು, ಮಾತು ಕಡಿಮೆ. ಎದುರಿಗೆ ಬೆನಕಪ್ಪ, ಈ ಸಲ ನಿಜವಾದ ಭಕ್ತಿಯಿಂದ, ನಿಜವಾದ ಭಯದಿಂದ ಲಿಂಗವನ್ನು ಹಿಡಿದು ಕೂತ. ಹಾಲು ಉಕ್ಕುವಷ್ಟು ಹೊತ್ತಾಯಿತು. ಅಭ್ಯಾಸಬಲ, ಪೂಜೆ ಮುಗಿದುಹೋಯಿತು. ಲಿಂಗವನ್ನು ಕರಡಿಗೆಗೆ ಸೇರಿಸಿ ಪೆಚ್ಚಾಗಿ ಸ್ವಾಮಿಗಳ ಮುಖ ನೋಡಿದ.

"ಇಷ್ಟೇನಾ?" ಎಂದ ಜಗಳೂರಿನ ನೆಂಟನೊಬ್ಬ. "ನಾದ ಎಲ್ಲೈತೆ?"

ಆಗ ಬೆನಕಪ್ಪನ ಎದೆಯಿಂದ ನಾದ ಹೊರಟಿತು. ಅದುವರೆಗೆ ಯಾರೂ ಕೇಳಿರದಂಥ ಜೋರು ನಾದ, ನಿಲ್ಲದ ನಾದ. ಪೀಂಪೀಂ ಪೀಂಪೀಂ ಎಂದು ಒಂದೇ ಸಮನೆ. ಜನ ದಬದಬ ಅಡ್ಡಬಿದ್ದರು. ಉಚ್ಚಂಗೆಮ್ಮ ಕಿಟಕಿಯಿಂದಲೇ ಅಡ್ಡಬೀಳಲು ಹೋಗಿ ಹಣೆ ಗಟ್ಟಿಸಿಕೊಂಡಳು. ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಬೆನಕಪ್ಪನೇ. ಎರಡು ಕೈಯಿಂದ ಎದೆ ಅಮುಕಿಕೊಂಡರೂ ಅದು ನಿಲ್ಲಲಿಲ್ಲ.

ನಿಂತಿದ್ದವಳು ಗಂಗಿ ಒಬ್ಬಳೇ. ಅಡ್ಡಬಿದ್ದವರನ್ನು ದಾಟಿಕೊಂಡು ಬಂದು, ಅಜ್ಜನ ಬನಿಯನ್ನಿನೊಳಗೆ ಕೈ ಹಾಕಿ, ಡಬ್ಬಿಯನ್ನು ಎಳೆದು, ಬಟನ್ ಒತ್ತಿ ಬಾಯಿ ಮುಚ್ಚಿಸಿದಳು. "ಅಲಾರಂ ಬುದ್ಧಿ," ಎಂದು ಸ್ವಾಮಿಗಳ ಕೈಗೆ ಕೊಟ್ಟಳು. "ಇದು ನನ್ನ ಗೇಮ್. ಕೆರೆಗೆ ಎಸೆದೆ ಅಂದಿದ್ದ."

ಒಬ್ಬೊಬ್ಬರೇ ನೆಲದಿಂದ ತಲೆ ಎತ್ತಿದರು. ಹೆಡ್‌ಮಾಸ್ತರು ಮೊಣಕಾಲಿನ ಧೂಳು ಕೊಡವಿಕೊಳ್ಳುತ್ತ, "ಬೆನಕಪ್ಪನೋರೆ, ಸೂಳೆಕೆರೆ?" ಎಂದು ಕೇಳಿದರು. ಬೆನಕಪ್ಪನ ಕುತ್ತಿಗೆ ಬಾಗಿತು. ಬಾಗಿದ್ದು, ಅವನ ಭಾಷಣದಲ್ಲಿ ಇದ್ದಂತೆಯೇ, ಮತ್ತೆ ಏಳಲಿಲ್ಲ.

ಸ್ವಾಮಿಗಳು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ನಿನ್ನ ಭಾಷಣದ ಸುದ್ದಿ ನಮ್ಮಲ್ಲಿಗೂ ಬಂದಿತ್ತಪ್ಪ. ಕುತ್ತಿಗೆ ಬಾಗುತ್ತೆ, ಊಟ ಮರೀತಾರೆ, ಕರೆದೋರ ಗುರುತು ಸಿಗಲ್ಲ ಅಂದಿದ್ದೆಯಂತೆ. ಎಲ್ಲಾ ನಿಜಾನೇ ಐತೆ. ಮಕ್ಕಳಿಗೆ ಅಂದಿದ್ದೆ, ಅಷ್ಟೇ ತಪ್ಪಿದ್ದು." ಗಂಗಿಯ ಕಡೆ ತಿರುಗಿದರು. "ನೀನು ಎಷ್ಟೊತ್ತು ಆಡ್ತಿದ್ಯವ್ವ?"

"ಅಮ್ಮ ಸಾಕು ಅನ್ನೋ ತನಕ ಬುದ್ಧಿ."

"ನೋಡಪ್ಪ. ಇವಳಿಗೆ ಸಾಕು ಅನ್ನೋರು ಒಬ್ರು ಇದ್ರು. ನಿನಗೆ ಯಾರೂ ಇರಲಿಲ್ಲ." ಡಬ್ಬಿಯನ್ನು ಗಂಗಿಯ ಕೈಗೇ ಇಟ್ಟರು. "ಇನ್ಮೇಲೆ ಇವಳು ಕೊಟ್ರೆ ಆಡು, ಸಾಕು ಅಂದ್ರೆ ಇಡು. ಕೆರೆಗೆ ಎಸೀತೀನಿ ಅಂತ ಮಾತು ಕೊಟ್ಟೀಯಲ್ಲ, ನೀನೇ ಹೋಗಿ ಮುಳುಗು ಹಾಕ್ಕೊಂಡು ಬಾ."

"ಬುದ್ಧಿ, ಗುಂಡಿ ತೋಡಿಸಿಬಿಟ್ಟೀನಲ್ಲ," ಎಂದ ವಿರೂಪಾಕ್ಷಪ್ಪ ಕಂಗಾಲಾಗಿ.

"ತೆಂಗಿನ ಸಸಿ ಇಡಪ್ಪ."

ಬೆನಕಪ್ಪ ಅವತ್ತೇ ಸೂಳೆಕೆರೆಗೆ ಹೋಗಿ ಮುಳುಗು ಹಾಕಿ ಬಂದ. ಒದ್ದೆ ಪಂಚೆಯಲ್ಲಿ ಊರೊಳಗೆ ನಡೆದು ಬರುವಾಗ ಅವನು ಯಾರ ಮುಖವನ್ನೂ ನೋಡಲಿಲ್ಲ. ಉಳಿದವರೆಲ್ಲ ಅವನ ಮುಖವನ್ನೇ ನೋಡಿದರು.

ಸೋಮವಾರ ಬೆಳಿಗ್ಗೆ ಮಗಳು ಮೊಮ್ಮಗಳನ್ನು ಹೊನ್ನಾಳಿಯ ಬಸ್ಸಿಗೆ ಹತ್ತಿಸಲು ಹೋದ. ಮುಂದೆ ಹೆಂಗಸರ ಸೀಟಿನಲ್ಲಿ ಶಾಂತಾದೇವಿ ಚೀಲಗಳ ಜೊತೆ ಕೂತಳು. ಗಂಗಿಗೆ ಹಿಂದುಗಡೆ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು ಬೆನಕಪ್ಪ ಇಳಿಯಲು ಹೊರಟಾಗ, ಗಂಗಿ ಡಬ್ಬಿ ಚಾಚಿದಳು. ಅಜ್ಜನ ಸಪ್ಪೆ ಮುಖ ನೋಡಿ ಅವಳ ಕರುಳು ಚುರ್ ಅಂದಿತ್ತು.

"ಬಸ್ ಬಿಡಾಕೆ ಇನ್ನೂ ಟೈಮ್ ಐತೆ ಅಜ್ಜ. ಒಂದೇ ಆಟ."

ಅಜ್ಜ ಕೂತ. ಮೊಮ್ಮಗಳು ಅವನ ತೋಳಿಗೆ ಗಲ್ಲವಿಟ್ಟು, "ಎಡಕ್ಕೆ, ಎಡಕ್ಕೆ," ಎಂದು ಹೇಳಿಕೊಡತೊಡಗಿದಳು. ಹಣ್ಣಿನ ಮೇಲೆ ಹಣ್ಣು ಬುಟ್ಟಿಗೆ ಬಿದ್ದವು. ಯಾರೋ ಟಿಕೆಟ್ ಕೇಳಿದರು, ಎಲ್ಲಿಗೆಂದು ನೋಡದೆ ಬೆನಕಪ್ಪ ನೋಟು ಕೊಟ್ಟ. ಸಾಕು ಅನ್ನಬೇಕಾದವಳಿಗೆ ಸಾಕು ಅನ್ನುವುದು ಮರೆತೇಹೋಗಿತ್ತು. ಒಂದು ಹಣ್ಣು ಕೈತಪ್ಪಿ ಬೀಳುವುದಕ್ಕೂ ಬಸ್ಸು ಗಕ್ಕನೆ ನಿಲ್ಲುವುದಕ್ಕೂ ಸರಿಹೋಯಿತು. ಎಲ್ಲರೂ ಇಳಿಯುತ್ತಿದ್ದರು ಅಂತ ಅವನೂ ಇಳಿದ.

ಅದು ಹೊನ್ನಾಳಿಯ ಬಸ್ ಸ್ಟ್ಯಾಂಡು. ಎದುರಿಗೆ ಬೀಗಿತ್ತಿ ಶಂಕ್ರಮ್ಮ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ನಿಂತಿದ್ದಳು. ಕಣ್ಣು ಅತ್ತು ಕೆಂಪಾಗಿದ್ದವು. ಕೈಯಲ್ಲಿ ಆಳೆತ್ತರದ ಸೇವಂತಿಗೆ ಹಾರ. ಶುಕ್ರವಾರ ಸುದ್ದಿ ಹೊತ್ತು ಹೊರಟ ಕಂಡಕ್ಟರ್ ಮೂಕಪ್ಪ, ದಾರಿಯಲ್ಲೇ ತಂಗಿಯ ಮದುವೆಗೆ ಇಳಿದುಕೊಂಡು, ಹೋಳಿಗೆ ಉಂಡು, ಇವತ್ತು ಡ್ಯೂಟಿಗೆ ಬಂದವನು ಸುದ್ದಿ ಮುಟ್ಟಿಸಿದ್ದ. ತಡವಾಯಿತಲ್ಲ ಎಂಬ ಸಂಕೋಚಕ್ಕೆ, ಹೊರಟು ನಿಂತಿದ್ದಾರೆ ಅನ್ನುವ ಬದಲು ಹೊರಟುಹೋದರು ಅಂತಲೇ ಹೇಳಿದ್ದ. ಕೊನೆಯ ದರ್ಶನಕ್ಕೆ ಅವರು ಹತ್ತಬೇಕಾಗಿದ್ದದ್ದು ಇದೇ ಬಸ್ಸು.

ಶಂಕ್ರಮ್ಮನ ಕೈಯಿಂದ ಹಾರ ಜಾರಿತು. ಹಿಂದೆ ನಿಂತವರು ಇನ್ನೂ ಹಿಂದಕ್ಕೆ ಸರಿದರು. "ಬೀಗ್ರೆ," ಎಂದಳು ಅವಳು. "ನೀವು... ಇಲ್ಲಿಗೆ ಹೆಂಗೆ ಬಂದ್ರಿ?"

ಬೆನಕಪ್ಪ ಬಸ್ಸನ್ನು ನೋಡಿದ. ಊರನ್ನು ನೋಡಿದ. ಹಾರವನ್ನು ನೋಡಿದ. ಜೀವಮಾನದಲ್ಲಿ ಮೊದಲ ಸಲ ಆ ಮಾತು ಅವನ ಬಾಯಿಂದ ಬಂತು.

"ಗೊತ್ತಿಲ್ಲ ಕಣ್ರೀ."

ಗಂಗಿ ಅಜ್ಜನ ಕೈಲಿದ್ದ ಡಬ್ಬಿಯನ್ನು ಇಣುಕಿ ನೋಡಿ, ಶಂಕ್ರಮ್ಮನ ಸೆರಗು ಜಗ್ಗಿದಳು.

"ಹೆದ್ರಬೇಡ ಅಜ್ಜಿ. ಒಂದೇ ಹೋಗಿರೋದು. ಅಜ್ಜಂಗೆ ಇನ್ನೂ ಎರಡು ಜೀವ ಐತೆ."